ಅಜ್ಜನ ಜೋಡು ನಳಿಗೆ ಕೋವಿಗೆ ಮತ್ತೆ ಕಪ್ಪು ಹತ್ತಿಸುವುದು ಹೇಗೆ?

ಐನ್‌ಮನೆ ಹುಡುಗ · ಜುಲೈ 5, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ. ಈಗ ನನಗೇ ಕೆಲಸ ಬಿದ್ದಿದೆ.

ನಮ್ಮ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ವಿರಾಜಪೇಟೆ ಹತ್ತಿರ. ಅಲ್ಲಿ ಅಜ್ಜನ ಜೋಡು ನಳಿಗೆ ತೋಟಾ ಕೋವಿ ಇದೆ, 12 ಬೋರಿನದ್ದು. ಇಂಗ್ಲೆಂಡಿನ ಮಾಲು ಅಂತ ಮನೆಯಲ್ಲಿ ಹೇಳುತ್ತಾರೆ. ನಾನು ಹುಟ್ಟಿದಾಗ ಒಂದು ಗುಂಡು ಹಾರಿಸಿದ್ದು ಇದರಿಂದ. ಅಜ್ಜ ತೀರಿಕೊಂಡಾಗ ಎರಡು ಹಾರಿಸಿದ್ದೂ ಇದರಿಂದಲೇ. ಆಮೇಲೆ ಅದು ಗೋಡೆ ಬಿಟ್ಟು ಇಳಿದದ್ದು ವರ್ಷಕ್ಕೊಮ್ಮೆ, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಮಾತ್ರ.

ಕಳೆದ ವಾರ ಹೋದಾಗ ನೋಡಿ ಬೇಜಾರಾಯಿತು. ನಳಿಗೆಯ ಕಪ್ಪು ಹೋಗಿ ಬೂದು, ಕಂದು ಎಲ್ಲ ಕಲೆಸಿಹೋಗಿದೆ. ಎರಡು ನಳಿಗೆ ಸೇರುವ ಸಂದಿಯಲ್ಲಿ ಮಾತ್ರ ಹಳೆ ಬಣ್ಣ ಉಳಿದಿದೆ. ಎರಡು ಕಡೆ ರೂಪಾಯಿ ಅಗಲಕ್ಕೆ ಕೆಂಪು ತುಕ್ಕು. ಸೆಪ್ಟೆಂಬರ್ 3ರ ಆ ಹಬ್ಬಕ್ಕೆ ಕನ್ನಿಕೋಂಬರೆಯಲ್ಲಿ (ಮನೆಯ ಪೂಜಾ ಕೋಣೆಯಲ್ಲಿ) ಇಡುವಷ್ಟರಲ್ಲಿ ಅದನ್ನು ಹೊಸದರ ಹಾಗೆ ಮಾಡಿಸಬೇಕು ಅಂತ ಆಸೆ. ದೊಡ್ಡಪ್ಪ "ಮುಟ್ಟಬೇಡ" ಅನ್ನುತ್ತಾರೆ. ಕಸಿನ್ ಒಬ್ಬ "ಒಂದೇ ದಿನದಲ್ಲಿ ಬ್ಲೂಯಿಂಗ್ ಮಾಡಿ ಕೊಡುವ ಅಂಗಡಿ ಗೊತ್ತು, ಕೊಡು" ಅನ್ನುತ್ತಾನೆ. ಆನ್‌ಲೈನಲ್ಲಿ ಒಂದು ಬಾಟಲಿ ಕೋಲ್ಡ್ ಬ್ಲೂ (ಕಾಯಿಸದೆ ಹಚ್ಚುವ ಕಪ್ಪಿನ ದ್ರಾವಣ) ಕೂಡ ತರಿಸಿಟ್ಟಿದ್ದೇನೆ, ಇನ್ನೂ ಮುಚ್ಚಳ ತೆಗೆದಿಲ್ಲ. ಏನು ಮಾಡಲಿ?

ಕಾಫಿ ಕಣ · ಜುಲೈ 5, ರಾತ್ರಿ 9:58

ಮೊದಲು ಕೋವಿ ಮುರಿದು (ಕೀಲಿನಲ್ಲಿ ಬಗ್ಗಿಸಿ ತೆರೆದು) ಎರಡೂ ನಳಿಗೆ ಖಾಲಿ ಇದೆಯಾ ನೋಡಿ. ಹೋದ ಸಲ ನೋಡಿದ್ದೆ ಅಂದರೆ ಆಗಲ್ಲ, ಈ ಸಲ ನೋಡಬೇಕು. ಆಮೇಲೆ ನಳಿಗೆ ಬಿಚ್ಚಿ ಮಗುಚಿ ಅಡಿಯ ಚಪ್ಪಟೆ ಜಾಗದ ಫೋಟೋ ಹಾಕಿ. ಅಲ್ಲಿಯವರೆಗೆ ಉಪ್ಪುಕಾಗದ ಮುಟ್ಟಬೇಡಿ, ಬಾಟಲಿಯನ್ನೂ ಮುಟ್ಟಬೇಡಿ.

ಮಲ್ನಾಡ್ ಕೋವಿ · ಜುಲೈ 5, ರಾತ್ರಿ 10:31

ಆ ಒಂದೇ ದಿನದ ಅಂಗಡಿಗೆ ಮಾತ್ರ ಕೊಡಬೇಡಿ ಮಾರಾಯ್ರೇ. ನನ್ನದನ್ನು ಹಾಗೇ ಹಾಳು ಮಾಡಿಕೊಂಡೆ.

ನಮ್ಮದು ತೀರ್ಥಹಳ್ಳಿ ಕಡೆ. ಬೆಳೆ ಕಾಯಲು ಅಪ್ಪ ತೆಗೆದುಕೊಂಡ ಲೈಸೆನ್ಸ್, ಅದರಲ್ಲಿ ಒಂದು ಡಿಬಿಬಿಎಲ್, ಅಂದರೆ ಜೋಡು ನಳಿಗೆ ತೋಟಾ ಕೋವಿ. ಮಂಗ, ಹಂದಿ ಓಡಿಸಲು ಗಾಳಿಗೆ ಒಂದು ಈಡು ಹೊಡೆಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಐದಾರು ವರ್ಷದ ಹಿಂದೆ ಊರ ಹೆಸರು ಬೇಡ ಒಂದು ಕಡೆ ಬ್ಲೂಯಿಂಗ್‌ಗೆ ಕೊಟ್ಟೆ. ಬೆಳಗ್ಗೆ ಕೊಟ್ಟಿದ್ದು ಸಂಜೆಗೆ ಕೈಗೆ ಬಂತು. ಎಷ್ಟು ಚಂದ ಅಂದರೆ, ಅದರಲ್ಲಿ ಮುಖ ನೋಡಿ ಕ್ರಾಪು ತೀಡಬಹುದಿತ್ತು.

ಆ ವರ್ಷದ ಮಳೆಗಾಲ ಶುರುವಾಯಿತು. ನಳಿಗೆ ನಡುವಿನ ಪಟ್ಟಿಯ ಅಂಚಿನಿಂದ ಬಿಳಿ ಪುಡಿ ಹೊರಬರತೊಡಗಿತು. ಒರೆಸಿದರೆ ಹೋಗುತ್ತದೆ, ನಾಲ್ಕು ದಿನ ಬಿಟ್ಟರೆ ಮತ್ತೆ ಹಾಜರ್. ಮುಂದಿನ ವರ್ಷ ಬಿಳಿ ಹೋಗಿ ಕೆಂಪು ನೀರು. ಮೂರನೇ ವರ್ಷ ಮೇಲಿನ ಪಟ್ಟಿ ತುದಿಯ ಹತ್ತಿರ ಎದ್ದು ನಿಂತಿತು, ಉಗುರು ಹೋಗುವಷ್ಟು. ಬೇರೊಬ್ಬ ಗನ್‌ಸ್ಮಿತ್ ಪಟ್ಟಿ ಬಿಡಿಸಿ ತೋರಿಸಿದರು. ಒಳಗಡೆ ಎರಡು ನಳಿಗೆಯ ಬೆನ್ನೂ ಹುಳ ತಿಂದ ಮರದ ಹಾಗಾಗಿತ್ತು. ಈಡು ಹೊಡೆಯುವುದಿರಲಿ, ಅದನ್ನು ಎತ್ತಿ ಹಿಡಿಯುವುದಕ್ಕೂ ಈಗ ಮನಸ್ಸು ಬರಲ್ಲ.

ಬಿಸಿ ಸ್ನಾನ ಜೋಡು ನಳಿಗೆಗೆ ಆಗಲ್ಲ ಅಂತ ಅವತ್ತು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಐನ್‌ಮನೆ ಹುಡುಗ · ಜುಲೈ 5, ರಾತ್ರಿ 10:50

ಅಯ್ಯೋ. ಬಿಸಿ ಸ್ನಾನ ಅಂದರೆ ಏನು? ಸೀಸ ಕರಗಿ ಪಟ್ಟಿ ಕಿತ್ತು ಬಂತಾ?

ರಸಾಯನ ಮೇಷ್ಟ್ರು · ಜುಲೈ 6, ಬೆಳಗ್ಗೆ 6:15

ಕರಗುವುದಲ್ಲ, ಕೊರೆಯುವುದು. ಈ ತಪ್ಪು ಕಲ್ಪನೆ ಎಲ್ಲರಿಗೂ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಕೋವಿಯವನಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಮಾವನ ಮನೆಯ ಕೋವಿಯ ದೆಸೆಯಿಂದ ಈ ಗೀಳು ಹತ್ತಿತು.

ಕೋವಿಯ ಕಪ್ಪು ಪೇಂಟೂ ಅಲ್ಲ, ಲೇಪವೂ ಅಲ್ಲ. ಅದೂ ಒಂದು ಜಾತಿಯ ತುಕ್ಕೇ. ಕಬ್ಬಿಣ ಗಾಳಿ, ನೀರಿಗೆ ಸಿಕ್ಕಿದರೆ ಕೆಂಪು ತುಕ್ಕು ಬರುತ್ತದೆ. ಅದು ಪುಡಿಪುಡಿ, ಉದುರುತ್ತದೆ, ಕೆಳಗಿನ ಲೋಹವನ್ನೂ ತಿನ್ನುತ್ತಾ ಹೋಗುತ್ತದೆ. ಅದೇ ಕಬ್ಬಿಣ, ಅದೇ ಆಮ್ಲಜನಕ ಬೇರೆ ಲೆಕ್ಕದಲ್ಲಿ ಸೇರಿದರೆ ಮ್ಯಾಗ್ನೆಟೈಟ್ ಆಗುತ್ತದೆ. ಅದು ಕಪ್ಪು, ಗಟ್ಟಿಯಾಗಿ ಅಂಟಿಕೊಂಡು ಕೂರುತ್ತದೆ. ಬ್ಲೂಯಿಂಗ್ ಅಂದರೆ ಕೋವಿಯ ಮೈಮೇಲೆ ತೆಳ್ಳಗೆ ಇದನ್ನು ಬೆಳೆಸುವುದು.

ಬೆಳೆಸಲು ದಾರಿ ಮೂರು. ಅಂಗಡಿಯವರ ಬಿಸಿ ಸ್ನಾನದಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪನ್ನು ನೀರಿನಲ್ಲಿ ಕಲಸಿ ಸುಮಾರು 140 ಡಿಗ್ರಿಗೆ ಕಾಯಿಸಿ ಕೋವಿಯನ್ನು ಮುಳುಗಿಸುತ್ತಾರೆ. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ. ಒಂಟಿ ನಳಿಗೆಗೆ ಇದು ಒಳ್ಳೆಯ ಕೆಲಸವೇ. ಆದರೆ ಹಳೆಯ ಜೋಡು ನಳಿಗೆಯಲ್ಲಿ ಎರಡು ಕೊಳವೆ, ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ ಎಲ್ಲವನ್ನೂ ಸೀಸ ಮತ್ತು ತವರದ ಬೆಸುಗೆ ಹಿಡಿದುಕೊಂಡಿರುತ್ತದೆ. ಈ ಬೆಸುಗೆ ಕರಗಲು 180 ಡಿಗ್ರಿಗಿಂತ ಜಾಸ್ತಿ ಬೇಕು, ಸ್ನಾನ ಅಷ್ಟು ಬಿಸಿ ಇರುವುದಿಲ್ಲ. ಆದರೆ ಸೀಸ, ತವರ ಎರಡೂ ಬಿಸಿ ಕ್ಷಾರಕ್ಕೆ ತಡೆಯುವುದಿಲ್ಲ. ಅವನ್ನು ಅದು ನಿಧಾನಕ್ಕೆ ತಿನ್ನುತ್ತದೆ. ಬೆಸುಗೆಯಲ್ಲಿ ಕೂದಲೆಳೆ ಬಿರುಕಿದ್ದರೂ ಸಾಕು, ಉಪ್ಪು ಪಟ್ಟಿಯ ಅಡಿಗೆ ಇಳಿಯುತ್ತದೆ. ಒಳಗೆ ಹೋದದ್ದನ್ನು ತೊಳೆದು ತೆಗೆಯಲು ದಾರಿಯೇ ಇಲ್ಲ. ಮಲ್ನಾಡ್ ಅವರು ಕಂಡ ಬಿಳಿ ಪುಡಿ ಅದೇ.

ಎರಡನೆಯದು ನಿಮ್ಮ ಬಾಟಲಿ. ಕೋಲ್ಡ್ ಬ್ಲೂ ಅಂತ ಹೆಸರು, ಆದರೆ ಅದು ಬೆಳೆಸುವುದು ಮ್ಯಾಗ್ನೆಟೈಟ್ ಅಲ್ಲ. ತಾಮ್ರ ಮತ್ತು ಸೆಲೆನಿಯಂನ ತೆಳು ಕಪ್ಪು ಪದರ. ಹಚ್ಚಿದ ದಿನ ಚೆನ್ನಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ಓಡಾಡಿದರೆ ತಿಂಗಳೊಪ್ಪತ್ತಿನಲ್ಲಿ ಸವೆಯುತ್ತದೆ. ಒಂದು ಗೀರು, ಒಂದು ಸ್ಕ್ರೂ ತಲೆಗೆ ಪರವಾಗಿಲ್ಲ, ಪೂರ್ತಿ ನಳಿಗೆಗೆ ಬೇಡ. ಸೆಲೆನಿಯಂ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಮೂರನೆಯದು ಇಂಗ್ಲೆಂಡಿನವರು ನಿಮ್ಮ ಕೋವಿಗೆ ಮೊದಲು ಮಾಡಿದ್ದು. ಬೇಕಂತಲೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜುವುದು. ಅದನ್ನು ಸಂಜೆ ಬರೆಯುತ್ತೇನೆ, ಈಗ ಹಾಲು ತರಬೇಕು.

ಬೈಕ್ ಬಾಯ್ · ಜುಲೈ 6, ಬೆಳಗ್ಗೆ 10:02

ಇಷ್ಟೆಲ್ಲ ಯಾಕೆ ಸಾರ್? ನನ್ನ ಹಳೆ ಬುಲೆಟ್ಟಿನ ಸೈಲೆನ್ಸರಿಗೆ ಮ್ಯಾಟ್ ಬ್ಲ್ಯಾಕ್ ಹೀಟ್ ಪೇಂಟ್ ಹೊಡೆಸಿದೆ, ಮೂರು ವರ್ಷ ಆಯ್ತು, ಏನೂ ಆಗಿಲ್ಲ.

ಕಾಫಿ ಕಣ · ಜುಲೈ 6, ಬೆಳಗ್ಗೆ 10:09

ಸೈಲೆನ್ಸರಿಗೆ ಕನ್ನಿಕೋಂಬರೆಯಲ್ಲಿ ಯಾರೂ ಹೂ ಮುಡಿಸುವುದಿಲ್ಲ ತಮ್ಮಾ.

ರಸಾಯನ ಮೇಷ್ಟ್ರು · ಜುಲೈ 6, ಸಂಜೆ 7:20

ಪೇಂಟಿನ ಬಗ್ಗೆ ಒಂದೇ ಮಾತು. ಅದರ ಅಡಿಯಲ್ಲಿ ತುಕ್ಕು ಬೆಳೆದರೆ ಕಾಣುವುದಿಲ್ಲ. ಕೋವಿಯಲ್ಲಿ ಕಾಣದ ತುಕ್ಕೇ ಅಪಾಯ.

ಈಗ ನಿಧಾನದ ದಾರಿಗೆ ಬರೋಣ. ಹಳೆ ಬಣ್ಣ ತೆಗೆದು, ನಳಿಗೆಯನ್ನು ಉದ್ದುದ್ದ ಉಜ್ಜಿ ನುಣ್ಣಗೆ ಮಾಡುತ್ತಾರೆ. 240ರಿಂದ ಹಿಡಿದು 400ರ ಕಾಗದದವರೆಗೆ, ಹಿಂದೆ ಗಟ್ಟಿ ಮರದ ತುಂಡು ಇಟ್ಟುಕೊಂಡು, ಕೈಯಲ್ಲೇ. ಬಫಿಂಗ್ ಚಕ್ರಕ್ಕೆ ಒಡ್ಡಿದರೆ ಅಂಚುಗಳೆಲ್ಲ ಮೊಂಡಾಗುತ್ತವೆ, ಕೆತ್ತನೆ ಅಳಿಸುತ್ತದೆ, ಸ್ಕ್ರೂ ತೂತುಗಳ ಬಾಯಿ ತಟ್ಟೆಯ ಹಾಗೆ ಅಗಲವಾಗುತ್ತದೆ. ಹಾಳಾದ ಹಳೆ ಕೋವಿಗಳಲ್ಲಿ ಬಹಳಷ್ಟು ತುಕ್ಕಿನಿಂದ ಹಾಳಾದದ್ದಲ್ಲ, ಬಫಿಂಗ್‌ನಿಂದ ಹಾಳಾದದ್ದು. ಇದು ನನ್ನ ಅಭಿಪ್ರಾಯ, ಒಪ್ಪದವರು ಬೈಯಬಹುದು.

ಆಮೇಲೆ ಎಣ್ಣೆಯ ಅಂಶ ಪೂರ್ತಿ ಹೋಗುವ ಹಾಗೆ ತೊಳೆಯುತ್ತಾರೆ. ಬೆರಳು ತಾಗಿದರೂ ಆ ಗುರುತು ಉಳಿಯುತ್ತದೆ. ನಳಿಗೆಯ ಎರಡೂ ತುದಿಗೆ ಮರದ ಬಿರಡೆ ಹಾಕಿ, ತುಕ್ಕಿನ ದ್ರಾವಣವನ್ನು ಒದ್ದೆಯೂ ಅಲ್ಲ ಒಣಗಿದ್ದೂ ಅಲ್ಲ ಅನ್ನುವ ಹಾಗೆ ತೆಳ್ಳಗೆ ಸವರುತ್ತಾರೆ. ತೇವ ಇರುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಟ್ಟರೆ ಮೈಯೆಲ್ಲ ಕಿತ್ತಳೆ ಬಣ್ಣದ ತುಕ್ಕು ಮೂಡುತ್ತದೆ. ಹಾಗೇ ಎತ್ತಿ ಶುದ್ಧ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಬೇಕು. ಇಲ್ಲೇ ಮಜಾ ಇರುವುದು. ಕುದಿಯುವ ನೀರಿನಲ್ಲಿ ಕೆಂಪು ತುಕ್ಕು ಕಣ್ಣೆದುರೇ ಕಪ್ಪಾಗುತ್ತದೆ. ಹೊರತೆಗೆದಾಗ ಮೇಲೆ ವೆಲ್ವೆಟ್ಟಿನ ಹಾಗೆ ಕಪ್ಪು ಹುಡಿ. ಅದನ್ನು ಸಣ್ಣ ಉಕ್ಕಿನ ತಂತಿಯ ಬ್ರಶ್ಶಿನಲ್ಲಿ ಉಜ್ಜಿದರೆ ಅಡಿಯಲ್ಲಿ ತೆಳು ಬೂದು ಪದರ. ಮತ್ತೆ ದ್ರಾವಣ, ಮತ್ತೆ ತುಕ್ಕು, ಮತ್ತೆ ಕುದಿ. ಆರು, ಏಳು, ಕೆಲವು ಉಕ್ಕಿಗೆ ಹತ್ತು ಸಲ. ಕೊನೆಗೆ ಎಣ್ಣೆ ಹಾಕಿದಾಗ ಬರುವ ಕಪ್ಪಿನಲ್ಲಿ ಮಿಂಚು ಇರುವುದಿಲ್ಲ, ಆಳ ಇರುತ್ತದೆ.

ನೀರು 100 ಡಿಗ್ರಿ ದಾಟುವುದಿಲ್ಲ, ಕ್ಷಾರವೂ ಇಲ್ಲ. ಬೆಸುಗೆಗೆ ಏನೂ ಆಗುವುದಿಲ್ಲ.

ಮಲ್ನಾಡ್ ಕೋವಿ · ಜುಲೈ 6, ರಾತ್ರಿ 8:44

ತೇವದ ಪೆಟ್ಟಿಗೆ ಅಂತೆ! ಜುಲೈಯಲ್ಲಿ ಮಡಿಕೇರಿಯೇ ತೇವದ ಪೆಟ್ಟಿಗೆ, ನಮ್ಮ ಆಗುಂಬೆಯೂ ಅಷ್ಟೇ. ಹೊರದೇಶದವರು ಇದಕ್ಕೆಲ್ಲ ಹೀಟರ್ ಬಲ್ಬು, ಒದ್ದೆ ಬಟ್ಟೆ ಅಂತ ಒದ್ದಾಡುತ್ತಾರೆ. ನಮ್ಮಲ್ಲಿ ಬಚ್ಚಲ ಕೋಣೆಯಲ್ಲಿ ಹಂಡೆ ಪಕ್ಕ ನಿಲ್ಲಿಸಿದರೆ ಆಯ್ತು.

ಕಟಕಟೆ · ಜುಲೈ 7, ಮಧ್ಯಾಹ್ನ 1:12

ಕೆಲಸದ ಬಗ್ಗೆ ನನಗೆ ಗೊತ್ತಿಲ್ಲ, ಕಾನೂನಿನ ಬಗ್ಗೆ ಎರಡು ಮಾತು. ಉಜ್ಜುವ ಮೊದಲು ಇದನ್ನು ಓದಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋವಿಯ ಮೇಲೆ ಒತ್ತಿದ ಹೆಸರು, ನಂಬರು, ಗುರುತು ಯಾವುದನ್ನೂ ಅಳಿಸುವ ಹಾಗಿಲ್ಲ, ಬದಲಿಸುವ ಹಾಗಿಲ್ಲ. ಚಂದ ಮಾಡಲು ಹೋದೆ, ಗೊತ್ತಾಗದೆ ಸವೆಯಿತು ಅಂತ ಹೇಳಿಕೊಂಡು ಠಾಣೆ ಸುತ್ತುವ ಕೆಲಸ ಬೇಡ. ನಂಬರು ಈಗಲೇ ಮಸುಕಾಗಿದ್ದರೆ ಕೆಲಸಕ್ಕೆ ಮೊದಲು ಫೋಟೋ ತೆಗೆದು, ನಿಮ್ಮ ಕಾಗದದಲ್ಲಿ ಇರುವ ನಂಬರಿಗೆ ತಾಳೆ ನೋಡಿ.

ಇನ್ನೊಂದು, ರಿಪೇರಿ. 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ನೀವು ಎಣ್ಣೆ ಹಾಕಿ ಒರೆಸುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಲೇತ್ ಅಂಗಡಿಗೆ, ಪ್ಲೇಟಿಂಗ್ ಅಂಗಡಿಗೆ ಒಯ್ದು ಕೊಟ್ಟರೆ ಕೊಟ್ಟವರಿಗೂ ತಲೆನೋವು, ತೆಗೆದುಕೊಂಡವರಿಗೂ ತಲೆನೋವು.

ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿಯಿತು. ಆದರೆ ಅದು ಲೈಸೆನ್ಸಿಗೆ ಮಾತ್ರ ವಿನಾಯಿತಿ, ಇಡೀ ಕಾಯ್ದೆಗೆ ಅಲ್ಲ. ಜಿಲ್ಲೆಯ ಹೊರಗೆ ಎಷ್ಟು ಕೋವಿ, ಎಷ್ಟು ತೋಟಾ ಒಯ್ಯಬಹುದು ಅನ್ನುವುದಕ್ಕೂ ಮಿತಿ ಇದೆ. ಮೈಸೂರಿಗೋ ಬೆಂಗಳೂರಿಗೋ ಒಯ್ಯುವುದಾದರೆ ವಿನಾಯಿತಿ ಪತ್ರ ಕಾರಿನಲ್ಲಿ ಇರಲಿ.

ಐನ್‌ಮನೆ ಹುಡುಗ · ಜುಲೈ 13, ರಾತ್ರಿ 10:20

ಶನಿವಾರ ಊರಿಗೆ ಹೋಗಿ ಬಂದೆ. ಕೋವಿ ಖಾಲಿ ಇತ್ತು, ದೊಡ್ಡಪ್ಪನೂ ನಾನೂ ಇಬ್ಬರೂ ನೋಡಿದೆವು. ನಳಿಗೆ ಮಗುಚಿ ಹಲ್ಲುಜ್ಜುವ ಬ್ರಶ್ಶಿಗೆ ಎಣ್ಣೆ ಹಾಕಿ ಉಜ್ಜಿದೆ. ಚಪ್ಪಟೆ ಜಾಗದಲ್ಲಿ ಪ್ರತಿ ನಳಿಗೆಗೂ ಮೂರು ಚಿಕ್ಕ ಕಿರೀಟ. ಅವುಗಳ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಅಂತ ಇದೆ. ವಜ್ರದ ಆಕಾರದೊಳಗೆ 12, ಅದರಡಿ ಸಿ ಅಕ್ಷರ. ನಂಬರು ಐದಂಕಿ, ಕೊನೆಯ ಎರಡು ಅಂಕಿ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತವೆ. ಕಾಗದಕ್ಕೆ ತಾಳೆಯಾಗುತ್ತದೆ, ಸದ್ಯ.

ಇನ್ನೊಂದು ವಿಷಯ ಗಮನಿಸಿದೆ. ಕೆಂಪು ತುಕ್ಕು ಎಲ್ಲೆಂದರಲ್ಲಿ ಬಂದಿಲ್ಲ. ಎರಡೂ ಕಲೆ ಸರಿಯಾಗಿ ಪ್ರತಿ ವರ್ಷ ಗಂಧದ ಬೊಟ್ಟು ಇಡುವ ಜಾಗದಲ್ಲಿವೆ. ಒಂದು ನಳಿಗೆಯ ಬುಡದಲ್ಲಿ, ಇನ್ನೊಂದು ಹಬ್ಬದ ಹೂವಾದ ತೋಕ್‌ಪೂ ಸಿಕ್ಕಿಸುವ ತುದಿಯ ಹತ್ತಿರ. ದೊಡ್ಡಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೂಜೆ ಆದ ಮೇಲೆ ಒರೆಸುವುದು ಅಜ್ಜನ ಕೆಲಸವಾಗಿತ್ತಂತೆ. ಅವರು ಹೋದ ಮೇಲೆ ಆ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಬರ್ಮಿಂಗ್‌ಹ್ಯಾಮ್ ಬಸವ · ಜುಲೈ 14, ಬೆಳಗ್ಗೆ 4:05

ಇಲ್ಲಿ ಇನ್ನೂ ರಾತ್ರಿ, ನಿದ್ದೆ ಬರದೆ ನೋಡುತ್ತಿದ್ದೆ. ನಿಮ್ಮ ಕೋವಿ ನಮ್ಮೂರಿನದು! ಆ ಗುರುತುಗಳು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನವು. 1813ರಲ್ಲಿ ಸಂಸತ್ತಿನ ಕಾಯ್ದೆ ಮಾಡಿ ಶುರು ಮಾಡಿದ ಸಂಸ್ಥೆ, ಬ್ಯಾನ್‌ಬರಿ ಸ್ಟ್ರೀಟಿನಲ್ಲಿ ಇವತ್ತಿಗೂ ಅದೇ ಕಟ್ಟಡದಲ್ಲಿದೆ. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ತಡೆದುಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಾರೆ.

ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಒತ್ತಲು ಶುರುವಾದದ್ದು 1904ರಲ್ಲಿ. ವಜ್ರದೊಳಗೆ 12 ಮತ್ತು ಸಿ ಇದ್ದ ಗುರುತು 1925ಕ್ಕೆ ನಿಂತಿತು. ಅಂದರೆ ನಿಮ್ಮದು ಆ ಎರಡು ವರ್ಷಗಳ ನಡುವಿನದು. ಎನ್.ಪಿ. ಅಂದರೆ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆ ಆಗಿದೆ ಅಂತ. ಆದರೆ ಆ ಕಾಲದ ಕೋವಿಗಳ ತೋಟಾ ಮನೆ (ತೋಟಾ ಕೂರುವ ಜಾಗ) ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗಿನ 70 ಮಿ.ಮೀ. ತೋಟಾ ಒಳಗೆ ಹೋಗಿ ಕೂರುತ್ತದೆ, ಅದೇ ಮೋಸ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಡಬ್ಬದ ಮೇಲಿನ ಅಳತೆ ನೋಡಿಯೇ ಕೊಳ್ಳಿ.

ಇನ್ನೂ ಒಂದು. ಮುಂಗೈ ಮರದ ಅಡಿಯಲ್ಲಿ ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆ ಕಾಣುತ್ತದಾ? ಕಂಡರೆ ಡಮಾಸ್ಕಸ್, ಅಂದರೆ ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆ. ಅದಕ್ಕೆ ಕಪ್ಪು ಬಳಿಯುವುದೇ ಬೇಡ, ಅದರ ಲೆಕ್ಕ ಬೇರೆ.

ಐನ್‌ಮನೆ ಹುಡುಗ · ಜುಲೈ 14, ಬೆಳಗ್ಗೆ 8:30

ಗೆರೆ ಏನೂ ಇಲ್ಲ ಬಸವಣ್ಣ, ಸಾದಾ ಉಕ್ಕು. ಥ್ಯಾಂಕ್ಸ್! ನೂರು ವರ್ಷ ದಾಟಿದೆ ಅಂತ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದರೆ "ನಾನು ಮೊದಲೇ ಹೇಳಲಿಲ್ಲವಾ" ಅಂದರು. ಹೇಳಿರಲಿಲ್ಲ.

ತೋಕ್‌ಪೂ · ಜುಲೈ 14, ಮಧ್ಯಾಹ್ನ 3:40

ಗಂಧದ ವಿಷಯ ಓದಿ ಬರೆಯಬೇಕು ಅನ್ನಿಸಿತು. ನನಗೀಗ 68. ನಮ್ಮ ಮನೆಯಲ್ಲಿ ಕೋವಿ ನೋಡಿಕೊಳ್ಳುತ್ತಿದ್ದವರು ನನ್ನ ತಾಯಿ. ಗಂಡಸರು ಹೊಡೆಯುವುದು, ಮೆರೆಯುವುದು. ಒರೆಸುವುದು ಅಮ್ಮ. ಕೈಲ್‌ಪೊಳ್ದಿನ ದಿನ ಕಡಂಬುಟ್ಟು, ಪಂದಿ ಕರಿ ಎಲ್ಲ ಮುಗಿದು, ಮೈದಾನದಲ್ಲಿ ತೆಂಗಿನಕಾಯಿಗೆ ಹೊಡೆದು ಬಂದ ಮೇಲೆ, ಎಷ್ಟು ಹೊತ್ತಾದರೂ ಸರಿ, ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಗಂಧ, ಅರಿಶಿನ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಸವರಿಯೇ ಮಲಗುತ್ತಿದ್ದಳು. ತೆಂಗಿನೆಣ್ಣೆ ಹಾಕಲು ಬಿಡುತ್ತಿರಲಿಲ್ಲ, ಅಂಟಾಗುತ್ತದೆ ಅಂತ.

ಮಳೆಗಾಲದಲ್ಲಿ ಕೋವಿ ಇರುತ್ತಿದ್ದದ್ದು ಒಲೆಯ ಗೋಡೆಯ ಆಚೆ ಬದಿ. ಆ ಗೋಡೆ ಯಾವಾಗಲೂ ಬೆಚ್ಚಗೆ. ತೊಗಲಿನ ಚೀಲದಲ್ಲಿ ಹಾಕಿಟ್ಟರೆ ಬೈಯುತ್ತಿದ್ದಳು. ಈಗ ಗ್ಯಾಸ್ ಬಂತು, ಗೋಡೆ ತಣ್ಣಗಾಯಿತು, ಕೋವಿಗೆ ಝಿಪ್ಪಿನ ಚೀಲ ಬಂತು.

ಒಂದು ಮಾತು ಮಗನೇ. ನಳಿಗೆಯ ಕೆಳಗೆ, ಕೈಯಲ್ಲಿ ತೂಗಿಸಿ ಹಿಡಿಯುವ ಜಾಗದಲ್ಲಿ ಬೆಳ್ಳಗೆ ಸವೆದಿರುತ್ತದೆ, ನೋಡು. ಅದು ತುಕ್ಕಲ್ಲ, ಹಿಡಿದ ಕೈಯ ಗುರುತು. ಅದನ್ನು ಕಪ್ಪು ಮಾಡಿಸಬೇಡ.

ನೇರ ಮಾತು · ಜುಲೈ 14, ಸಂಜೆ 6:11

ಅಕ್ಕನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಒಪ್ಪಲ್ಲ. ಎಲ್ಲದಕ್ಕೂ ನೆನಪು, ಗುರುತು ಅಂತ ಹೇಳಿ ಹಾಗೇ ಬಿಟ್ಟರೆ ಕೊನೆಗೆ ಕೋವಿಯೇ ಉಳಿಯಲ್ಲ. ಅವರಜ್ಜ ಇದ್ದಿದ್ದರೆ ತುಕ್ಕು ಬಿಡುತ್ತಿದ್ದರಾ? ಕಪ್ಪು ಹೋದ ಕೂಡಲೇ ಮಾಡಿಸುತ್ತಿದ್ದರು. ಆ ಕಾಲದವರು ಕೋವಿಯನ್ನು ಮ್ಯೂಸಿಯಂ ಸಾಮಾನು ಅಂದುಕೊಂಡಿರಲಿಲ್ಲ, ಕೊಡಲಿ ಕತ್ತಿಯ ಹಾಗೆ ಬಳಸಿದರು. ಪೂರ್ತಿ ನಿಧಾನದ ಬ್ಲೂಯಿಂಗ್ ಮಾಡಿಸಿ. ಮಾರುವ ವಸ್ತುವಂತೂ ಅಲ್ಲ, ಬೆಲೆ ಕಡಿಮೆಯಾಗುತ್ತದೆ ಅನ್ನುವ ಭಯವೂ ಇಲ್ಲ.

ತೋಕ್‌ಪೂ · ಜುಲೈ 14, ಸಂಜೆ 6:30

ತುಕ್ಕು ಬಿಡು ಅಂತ ನಾನು ಎಲ್ಲಿ ಹೇಳಿದೆ? ಸರಿಯಾಗಿ ಓದಪ್ಪ.

ರಸಾಯನ ಮೇಷ್ಟ್ರು · ಜುಲೈ 14, ರಾತ್ರಿ 8:02

ಇಬ್ಬರದೂ ಆಗುವ ದಾರಿ ಒಂದಿದೆ. ದ್ರಾವಣವೂ ಬೇಡ, ಉಪ್ಪುಕಾಗದವೂ ಬೇಡ. ಇರುವ ತುಕ್ಕನ್ನೇ ಬಳಸಿಕೊಳ್ಳುವುದು.

ನಿಧಾನದ ಬ್ಲೂಯಿಂಗ್‌ನಲ್ಲಿ ನಾವು ಬೇಕಂತ ತುಕ್ಕು ಹಿಡಿಸಿ ಕುದಿಸುತ್ತೇವೆ. ನಿಮ್ಮ ಕೋವಿಗೆ ಆ ಮೊದಲ ಕೆಲಸವನ್ನು ಗಂಧವೂ ಮಳೆಯೂ ಮಾಡಿಕೊಟ್ಟಿವೆ. ನಳಿಗೆಯನ್ನು ಮರದಿಂದ, ಗುಂಡು ಹಾರಿಸುವ ಯಂತ್ರಭಾಗವಾದ ಆ್ಯಕ್ಷನ್‌ನಿಂದ ಬಿಡಿಸಿ, ಎಣ್ಣೆ ತೆಗೆದು, ಸುಮ್ನೆ ನೀರಿನಲ್ಲಿ ಕುದಿಸಿ. ಕೆಂಪು ಕಪ್ಪಾಗುತ್ತದೆ. ಮೇಲಿನ ಹುಡಿ ಉಜ್ಜಿ ತೆಗೆಯಿರಿ. ಸವೆದ ಜಾಗದಲ್ಲಿ ತುಕ್ಕೇ ಇಲ್ಲ, ಅದು ಹಾಗೇ ಬೆಳ್ಳಗೆ ಉಳಿಯುತ್ತದೆ. ನಂಬರಿನ ಜಾಗದಲ್ಲಿ ಒಂದು ಕೂದಲಿನಷ್ಟೂ ಲೋಹ ಹೋಗುವುದಿಲ್ಲ. ಇಷ್ಟು ಮಾಡಿದ ಮೇಲೂ ಪೂರ್ತಿ ಕಪ್ಪು ಬೇಕು ಅನ್ನಿಸಿದರೆ ಮುಂದಿನ ವರ್ಷ ಮಾಡಿಸಿ. ಉಜ್ಜಿ ತೆಗೆದ ಲೋಹವನ್ನು ಮಾತ್ರ ವಾಪಸ್ ಹಚ್ಚಲು ಬರುವುದಿಲ್ಲ.

ಕೆಲವು ಎಚ್ಚರಿಕೆ. ಕುದಿಸುವ ಮೊದಲು ನಳಿಗೆಯ ಕೊಕ್ಕೆಗೆ ದಾರ ಕಟ್ಟಿ ತೂಗಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ದನಿ ಉಳಿದರೆ ಪಟ್ಟಿಯ ಬೆಸುಗೆ ಗಟ್ಟಿ ಇದೆ. ಒಡೆದ ಮಡಕೆ ತಟ್ಟಿದ ಹಾಗಿದ್ದರೆ ಎಲ್ಲೋ ಬಿಟ್ಟಿದೆ. ಆಗ ಕುದಿಸಬೇಡಿ, ನೀರು ಒಳಗೆ ಹೋಗಿ ನಿಲ್ಲುತ್ತದೆ. ಮನೆಯ ಬೋರ್‌ವೆಲ್ ನೀರು ಬೇಡ, ಮಳೆ ನೀರು ಹಿಡಿಯಿರಿ. ಹುಡಿ ಉಜ್ಜಲು 0000 ನಂಬರಿನ ಸ್ಟೀಲ್ ವೂಲ್. ಅದಕ್ಕೂ ಎಣ್ಣೆ ಸವರಿರುತ್ತಾರೆ, ಅಸಿಟೋನಿನಲ್ಲಿ ಅದ್ದಿ ಒಣಗಿಸಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಾಕಿದರೆ ಗೀರು ಬಿದ್ದು ಮಾರನೇ ದಿನ ಇಲ್ಲಿ ಬಂದು ಅಳುತ್ತೀರಿ.

ಆ್ಯಕ್ಷನ್ ಮುಟ್ಟಬೇಡಿ. ಅದರ ಮೇಲಿನ ಬಣ್ಣ ಮೂಳೆಯ ಇದ್ದಿಲಿನಲ್ಲಿಟ್ಟು ಕಾಯಿಸಿ ನೀರಿಗೆ ಅದ್ದಿ ತೆಗೆದದ್ದು. ಅದು ಹೋದರೆ ಮನೆಯಲ್ಲಿ ಬರುವುದಿಲ್ಲ, ಮತ್ತೆ ಕಾಯಿಸಲು ಹೋದರೆ ಉಕ್ಕು ಸೊಟ್ಟಗಾಗಬಹುದು.

ಐನ್‌ಮನೆ ಹುಡುಗ · ಜುಲೈ 15, ಬೆಳಗ್ಗೆ 9:14

ಮೇಷ್ಟ್ರೇ, ನಳಿಗೆ 30 ಇಂಚು ಉದ್ದ. ಕುದಿಸಲು ಅಷ್ಟುದ್ದದ ಪಾತ್ರೆ ಎಲ್ಲಿ ತರಲಿ?

ಕಾಫಿ ಕಣ · ಜುಲೈ 15, ಬೆಳಗ್ಗೆ 9:20

ಹಂದಿ ಬೇಯಿಸುವ ಕಡಾಯಿ ಅಂತ ಮಾತ್ರ ಹೇಳಬೇಡಿ, ಆ ಜಿಡ್ಡು ಏಳು ಜನ್ಮಕ್ಕೂ ಹೋಗಲ್ಲ. ಸ್ಟೀಲ್ ಶೀಟಿನಲ್ಲಿ ದೋಣಿ ಮಾಡಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಎರಡು ಒಲೆ ಮೇಲೆ ಅಡ್ಡ ಇಡಬೇಕು. ಜಿಂಕ್ ಶೀಟ್ ಬೇಡ.

ಐನ್‌ಮನೆ ಹುಡುಗ · ಆಗಸ್ಟ್ 24, ರಾತ್ರಿ 11:05

ಬಹಳ ದಿನ ಆಯ್ತು, ಕ್ಷಮಿಸಿ. ಕೆಲಸ ಮುಗಿಯಿತು.

ನಾನೇ ಮಾಡಲು ಧೈರ್ಯ ಬರಲಿಲ್ಲ. ಲೈಸೆನ್ಸ್ ಇರುವ ಒಬ್ಬ ಹಿರಿಯ ಗನ್‌ಸ್ಮಿತ್ ಸಿಕ್ಕರು. "ಕುದಿಸಿ ಅಷ್ಟೇ" ಅಂದೆ. ಮುಖ ನೋಡಿ ನಕ್ಕರು. "ಇದಕ್ಕೆ ಎಷ್ಟು ಅಂತ ದುಡ್ಡು ಕೇಳಲಿ?" ಅಂದರು. ಜೊತೆಗೆ ಕೂತು ನೋಡಲು ಬಿಟ್ಟರು. ತಟ್ಟಿ ನೋಡಿದಾಗ ನಳಿಗೆ ಎಂಥಾ ದನಿ ಮಾಡಿತು ಗೊತ್ತಾ! ಗೋಡೆಯ ದಪ್ಪ ಅಳೆದರು, ಅತಿ ತೆಳ್ಳಗಿನ ಜಾಗದಲ್ಲಿ 26 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ). "20ಕ್ಕಿಂತ ಕೆಳಗಿದ್ದರೆ ಗೋಡೆಗೆ ನೇತುಹಾಕು ಅನ್ನುತ್ತಿದ್ದೆ. ಇದು ಪರವಾಗಿಲ್ಲ. ಆದರೆ ಯಾರಾದರೂ ಉಜ್ಜಲು ಬಂದರೆ ಕೊಡಬೇಡ" ಅಂದರು.

ಮೊದಲ ಕುದಿಗೇ ಕಲೆಗಳು ಕಪ್ಪಾದವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಉಜ್ಜಿದರೆ ಅಡಿಯಲ್ಲಿ ಇನ್ನೂ ಸ್ವಲ್ಪ ಕೆಂಪು, ಮತ್ತೆ ಕುದಿ. ಒಟ್ಟು ಮೂರು ಸಲ. ಆಮೇಲೆ ಬಿಸಿ ಇರುವಾಗಲೇ ಎಣ್ಣೆ. ಹೊಸದರ ಹಾಗೆ ಆಗಿಲ್ಲ. ಬೂದುಗಪ್ಪು ಆಗಿದೆ, ಮಳೆ ಬಂದು ನಿಂತ ಮೇಲಿನ ಕಲ್ಲಿನ ಹಾಗೆ. ತುಕ್ಕು ಇದ್ದಲ್ಲಿ ಸಣ್ಣ ಗುಳಿ ಉಳಿದಿವೆ, ಬೆರಳಿಗೆ ಸಿಗುತ್ತವೆ. ನಂಬರಿನ ಐದೂ ಅಂಕಿ ಈಗ ನೇರ ಬೆಳಕಿನಲ್ಲೇ ಕಾಣುತ್ತವೆ. ಅಕ್ಕ ಹೇಳಿದ ಆ ಬಿಳಿ ಜಾಗ ಇದೆ. ದೊಡ್ಡಪ್ಪ ಕೋವಿ ತೆಗೆದುಕೊಂಡಾಗ ಅವರ ಕೈ ತಾನಾಗಿ ಅಲ್ಲೇ ಹೋಗಿ ಕೂತಿತು.

ಕೋಲ್ಡ್ ಬ್ಲೂ ಬಾಟಲಿ ಯಾರಿಗಾದರೂ ಬೇಕಾ?

ನೇರ ಮಾತು · ಆಗಸ್ಟ್ 25, ಬೆಳಗ್ಗೆ 7:48

ಫೋಟೋ ನೋಡಿದೆ. ಪೂರ್ತಿ ಮಾಡಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅಂತ ಈಗಲೂ ಹೇಳುತ್ತೇನೆ. ಆದರೆ ಇದೂ ಕೆಟ್ಟದಾಗಿಲ್ಲ.

ತೋಕ್‌ಪೂ · ಆಗಸ್ಟ್ 25, ಬೆಳಗ್ಗೆ 9:30

3ನೇ ತಾರೀಕು ರಾತ್ರಿ ಒರೆಸುವವರು ಯಾರು, ಅದನ್ನು ಹೇಳು.

ಐನ್‌ಮನೆ ಹುಡುಗ · ಆಗಸ್ಟ್ 25, ಬೆಳಗ್ಗೆ 9:41

ನಾನೇ ಅಕ್ಕ. 4ಕ್ಕೂ ರಜೆ ಹಾಕಿದ್ದೇನೆ.

ಕೇಪಿನ ಕೋವಿ · ಸೆಪ್ಟೆಂಬರ್ 6, ಸಂಜೆ 5:22

ಇಡೀ ಚರ್ಚೆ ಓದಿ ನಮ್ಮ ಅಟ್ಟದ ಮೇಲಿದ್ದ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬುವ ಹಳೆ ಕೋವಿ) ಇಳಿಸಿದೆ. ಮುತ್ತಜ್ಜನದು, ಮೈಯೆಲ್ಲ ಕೆಂಪು. ನೀವು ಮಾಡಿದ ಹಾಗೇ ನಾಳೆ ಕುದಿಸೋಣ ಅಂತ ದೋಣಿ ಕೂಡ ಮಾಡಿಸಿದೆ. ಇದರಲ್ಲಿ ಮುರಿದು ನೋಡಲು ಬರಲ್ಲ ಅಲ್ವಾ, ಅದಕ್ಕೆ ಖಾಲಿ ಇದೆಯಾ ಅಂತ ಒಳಗೆ ಗಜ (ಮದ್ದು ಜಡಿಯುವ ಕೋಲು) ಇಳಿಸಿ ಗುರುತು ಹಾಕಿ, ಹೊರಗಡೆ ನಳಿಗೆಗೆ ಹಿಡಿದು ನೋಡಿದೆ. ಬುಡಕ್ಕೆ ನಾಲ್ಕು ಬೆರಳು ಇರುವಾಗಲೇ ನಿಲ್ಲುತ್ತದೆ. ಒಳಗೆ ಕಸ ಇರಬಹುದಾ?

ಕಾಫಿ ಕಣ · ಸೆಪ್ಟೆಂಬರ್ 6, ಸಂಜೆ 5:25

ಕಸ ಅಲ್ಲ, ಈಡು. ಮುತ್ತಜ್ಜ ತುಂಬಿಟ್ಟು ಹೋಗಿದ್ದಾರೆ. ಕಪ್ಪು ಮದ್ದು ಒಣಗಿದ್ದರೆ ಎಷ್ಟು ವರ್ಷ ಆದರೂ ಹೊತ್ತಿಕೊಳ್ಳುತ್ತದೆ. ಒಲೆಯ ಹತ್ತಿರ ಒಯ್ಯಬೇಡಿ, ಕುದಿಸಬೇಡಿ, ಗಜದಿಂದ ಕುಟ್ಟಬೇಡಿ, ಕೋವಿಯ ಕುದುರೆ (ಗುಂಡು ಹಾರಿಸುವ ಕೊಕ್ಕೆ) ಎಳೆಯಬೇಡಿ. ಬಾಯಿ ಯಾರ ಕಡೆಗೂ ಇಲ್ಲದ ಹಾಗೆ ಒರಗಿಸಿ, ಮಕ್ಕಳನ್ನು ಆಚೆ ಕಳಿಸಿ, ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಫೋನ್ ಮಾಡಿ, ಅವರನ್ನೇ ಮನೆಗೆ ಕರೆಸಿ. ಮಾಡಿದ ಕೂಡಲೇ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.

ಕೇಪಿನ ಕೋವಿ · ಸೆಪ್ಟೆಂಬರ್ 6, ಸಂಜೆ 5:41

ಒರಗಿಸಿದೆ. ಫೋನ್ ಮಾಡಿದೆ. ನಾಳೆ ಹತ್ತು ಗಂಟೆಗೆ ಬರುತ್ತಾರಂತೆ. ಅಮ್ಮ ಹೇಳುತ್ತಿದ್ದಾಳೆ, ನಾನು ಚಿಕ್ಕವನಿದ್ದಾಗ ಅದನ್ನು ಕುದುರೆ ಮಾಡಿಕೊಂಡು ಅಂಗಳವೆಲ್ಲ ಓಡುತ್ತಿದ್ದೆನಂತೆ.